ಬಂದ ಊರು, ಇರುವ ಊರು

ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ಹೊರಬಿದ್ದು, ಬ್ಯಾಗು ಮಾರುವವರ ಸಾಲು ದಾಟಿ, ಎರಡು ಗಲ್ಲಿ ತಿರುಗಿದರೆ ಈ ಕಟ್ಟಡ ಸಿಗುತ್ತದೆ. ಕೆಳಗೆ ಒಂದು ಬೀಡಾ ಅಂಗಡಿ, ಪಕ್ಕದಲ್ಲೇ ಮೊಬೈಲ್ ರಿಪೇರಿ ಅಂಗಡಿ. ಎರಡರ ನಡುವೆ ಒಬ್ಬರು ಮಾತ್ರ ಹತ್ತಬಹುದಾದ ಮೆಟ್ಟಿಲು. ಮೇಲೆ ಹಿಂದೆ ಲಾಡ್ಜ್ ಇತ್ತು. ರಾತ್ರಿ ಬಸ್ಸಿನಲ್ಲಿ ಬಂದಿಳಿದವರು ಬೆಳಿಗ್ಗೆ ಮುಖ ತೊಳೆಯಲು, ಕೆಲಸ ಸಿಗುವವರೆಗೆ ಎರಡು ದಿನ ತಂಗಲು ಬರುತ್ತಿದ್ದ ಅಗ್ಗದ ಲಾಡ್ಜ್. ಈಗ ಅದರ ಕೋಣೆಗಳಲ್ಲಿ ಭಾವಚಿತ್ರಗಳಿವೆ. ಊರು ಬಿಟ್ಟು ಬಂದ ಕ್ವಿಯರ್ ಜನರ ಭಾವಚಿತ್ರಗಳು. ಅವರಲ್ಲಿ ಹಿಜ್ರಾಗಳಿದ್ದಾರೆ, ತಮ್ಮನ್ನು ‘ಕೋಥಿ’ ಎಂದು ಕರೆದುಕೊಳ್ಳುವವರಿದ್ದಾರೆ, ಟ್ರಾನ್ಸ್ ಪುರುಷರಿದ್ದಾರೆ, ಹೆಣ್ಣನ್ನು ಪ್ರೀತಿಸಿದ ಹೆಣ್ಣುಮಕ್ಕಳಿದ್ದಾರೆ, ಜೋಗತಿಯರಿದ್ದಾರೆ.

ಮೆಟ್ಟಿಲು ಮುಗಿದಲ್ಲಿ ಹಳೆಯ ಕೌಂಟರ್ ಹಾಗೇ ಇದೆ. ಹಿಂದೆ ಬೀಗದ ಕೈ ನೇತುಹಾಕುವ ಹಲಗೆ. ಮುಂದೆ ಉದ್ದನೆಯ ರಿಜಿಸ್ಟರು, ಲಾಡ್ಜಿನದ್ದೇ. ಹೆಸರು, ಬಂದ ಊರು, ಹೋಗುವ ಊರು, ಬಂದ ಕಾರಣ, ಸಹಿ ಎಂದು ಕಾಲಂಗಳು. ಕೆಲವು ಪುಟ ತಿರುವಿದೆ. ಕಾರಣದ ಕಾಲಂನಲ್ಲಿ ಮುಕ್ಕಾಲುಪಾಲು ಜನ ಬರೆದಿರುವುದು ಒಂದೇ, ‘ಸ್ವಂತ ಕೆಲಸ’.

ಚಿತ್ರಗಳ ಕೆಳಗಿನ ಚೀಟಿಗಳನ್ನೂ ಇದೇ ನಮೂನೆಯಲ್ಲಿ ಮಾಡಿದ್ದಾರೆ. ಹೆಸರಿನ ಜಾಗದಲ್ಲಿ ಬರೀ ಗೆರೆ. ಆಮೇಲೆ ಬಂದ ಊರು, ಇರುವ ಊರು. ಕಾರಣ ಎಲ್ಲರಿಗೂ ಸ್ವಂತ ಕೆಲಸವೇ. ಚಿತ್ರ ಬರೆದವರ ಹೆಸರೂ ಗೋಡೆಯ ಮೇಲಿಲ್ಲ. ಯಾಕೆಂದು ಕೌಂಟರಿನಲ್ಲಿದ್ದ ಹುಡುಗಿಯನ್ನು ಕೇಳಿದೆ. “ಇಲ್ಲಿ ಸುಮಾರು ಜನಕ್ಕೆ ಎರಡು ಹೆಸರಿದೆ ಸಾರ್. ಒಂದು ಹಾಕಿದ್ರೆ ಊರಲ್ಲಿ ಕಷ್ಟ, ಇನ್ನೊಂದು ಹಾಕಿದ್ರೆ ಅವರಿಗೇ ನೋವು” ಎಂದಳು. ಅದೇ ನಿಯಮವನ್ನು ಈ ಬರಹದಲ್ಲೂ ಪಾಲಿಸುತ್ತಿದ್ದೇನೆ.

ಕೌಂಟರಿನಿಂದ ಕೋಣೆಗಳ ಕಡೆಗೆ ಹೋಗುವ ನಡುಹಾದಿ ಕತ್ತಲು. ಒಂದೇ ಟ್ಯೂಬ್‌ಲೈಟು. ಇಲ್ಲಿ ಭಾವಚಿತ್ರಗಳಿಗಿಂತ ಮೊದಲು ಭಾವಚಿತ್ರದ ಹಳೆಯ ಉಪಯೋಗವೊಂದನ್ನು ತೋರಿಸಿದ್ದಾರೆ. 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಪುಸ್ತಕದ ಕೆಲವು ಪುಟಗಳ ನಕಲು ಅಂಟಿಸಿದೆ. ಮೇಲೆ ಮನುಷ್ಯನ ಛಾಯಾಚಿತ್ರ, ಕೆಳಗೆ ಅವನ ಜಾತಿ, ಅವನ ಗುಣ. ನೋಡುವವನು ಆಳುವವನು, ನಿಂತವನು ಮಾದರಿ. ಅದರ ಪಕ್ಕಕ್ಕೇ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ. ಆ ಕಾಯ್ದೆಯ ಪ್ರಕಾರ ಹಿಜ್ರಾಗಳ ಪೈಕಿ ಸರ್ಕಾರಕ್ಕೆ ಅನುಮಾನ ಬಂದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಹಾಗೆ ಹೆಸರು ಬರೆಸಿಕೊಂಡವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದರೆ, ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಜೈಲು.

ಇದೆಲ್ಲ ಬ್ರಿಟಿಷರ ಕಾಲದ ಮಾತು ಎಂದುಕೊಳ್ಳುತ್ತಿರುವಾಗ ಮೂರನೇ ಹಾಳೆ ಬರುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36-ಎ ಕಲಂ. ಅದರಲ್ಲೂ ರಿಜಿಸ್ಟರು, ಅದರಲ್ಲೂ ಅನುಮಾನ. ಅದು ಯಾರನ್ನು ಕುರಿತದ್ದು ಎಂದು ಹೇಳುತ್ತಿದ್ದ ‘ಯೂನಕ್’ ಎಂಬ ಹಳೆಯ ಪದವನ್ನು ಕಾಯ್ದೆಯಿಂದ ತೆಗೆದದ್ದು 2016ರಲ್ಲಿ. ಎರಡು ಕಾನೂನುಗಳ ನಡುವೆ 140 ವರ್ಷ. ಅದೇ 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡನ್ನೂ ಬಿಟ್ಟು ‘ಇತರೆ’ ಎಂದು ಬರೆಸಿದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಅಂದರೆ ಒಂದು ಕಡೆ ಎಣಿಕೆಗೆ ಕರೆಯುತ್ತಿದ್ದ ವರ್ಷದಲ್ಲೇ ಇನ್ನೊಂದು ಕಡೆ ಪೊಲೀಸ್ ಪಟ್ಟಿಗೂ ಕರೆದಿದ್ದೇವೆ.

ಈ ನಡುಹಾದಿಯನ್ನು ಮೊದಲಿಗೇ ಇಟ್ಟದ್ದು ಬಹಳ ಸರಿಯೆನಿಸಿತು. ಇದನ್ನು ಓದಿ ಒಳಗೆ ಕಾಲಿಟ್ಟ ಮೇಲೆ ಪ್ರತಿ ಚಿತ್ರದ ಮುಂದೆಯೂ ಒಂದು ಪ್ರಶ್ನೆ ಏಳುತ್ತದೆ. ಇವರು ತಾವಾಗಿ ಬಂದು ಕುಳಿತರೇ? ಎಷ್ಟು ಮುಖ ತೋರಿಸಬೇಕೆಂದು ತೀರ್ಮಾನಿಸಿದವರು ಯಾರು?

ಮೊದಲ ಕೋಣೆಯ ಸಂಖ್ಯೆ 101. ಮಂಚ ತೆಗೆದಿದ್ದಾರೆ, ಗೋಡೆಗೆ ಬಡಿದ ಬಟ್ಟೆ ಗೂಟಗಳು ಉಳಿದಿವೆ. ಎದುರಿಗೆ ಇದ್ದಿಲಿನಲ್ಲಿ ಬರೆದ ದೊಡ್ಡ ಚಿತ್ರ. ಇಪ್ಪತ್ತು ಇಪ್ಪತ್ತೆರಡರ ವಯಸ್ಸು, ಶರಟು ಪ್ಯಾಂಟು, ತೊಡೆಯ ಮೇಲೆ ಏರ್‌ಬ್ಯಾಗು. ಮುಖವನ್ನು ನಾಲ್ಕಾರು ಗೆರೆಗಳಲ್ಲಿ ಮುಗಿಸಿದ ಕಲಾವಿದರು ಆ ಬ್ಯಾಗನ್ನು ಬಿಡಿಸಲು ದಿನಗಟ್ಟಲೆ ಕೂತಿರಬೇಕು. ಹೊಲಿಗೆ ಬಿಟ್ಟ ಹಿಡಿಕೆ, ಜಿಪ್ಪಿಗೆ ಕಟ್ಟಿದ ದಾರ, ಮೂಲೆಯ ಮಣ್ಣಿನ ಕಲೆ, ಯಾವುದನ್ನೂ ಬಿಟ್ಟಿಲ್ಲ. ಬಂದ ಊರು ಸಿರುಗುಪ್ಪ, ಇರುವ ಊರು ಬೆಂಗಳೂರು.

ಪಕ್ಕದ ಗೋಡೆಯಲ್ಲಿ ಜೋಡಿ ಚಿತ್ರ. ಎಡಗಡೆ ಅದೇ ಶರಟು ಪ್ಯಾಂಟಿನ ವ್ಯಕ್ತಿ, ಬಲಗಡೆ ಸೀರೆಯಲ್ಲಿ. ಮೊದಲು, ಆಮೇಲೆ ಎಂದು ತೋರಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಇದೂ ಹಾಗೇ ಎಂದುಕೊಂಡು ಹತ್ತಿರ ಹೋದೆ. ಎರಡರಲ್ಲೂ ಅದೇ ಕುರ್ಚಿ, ಎಡಗಡೆಯ ಕಿಟಕಿಯಿಂದ ಬೀಳುವ ಅದೇ ಬೆಳಕು, ಮೂಲೆಯಲ್ಲಿ ಬರೆದ ತಿಂಗಳೂ ಒಂದೇ. ಇಲ್ಲಿ ಮೊದಲು, ಆಮೇಲೆ ಎಂಬುದಿಲ್ಲ. ಯುಗಾದಿಗೆ, ಊರ ಜಾತ್ರೆಗೆ, ಅಮ್ಮನಿಗೆ ಹುಷಾರಿಲ್ಲವೆಂದು ಫೋನ್ ಬಂದಾಗ ಶರಟು ಹಾಕಿ ಬಸ್ಸು ಹತ್ತುತ್ತಾರೆ. ಹಿಂದಿರುಗಿ ಬಂದು ಸೀರೆ ಉಡುತ್ತಾರೆ. ವರ್ಷಕ್ಕೆ ಹೀಗೆ ಎಷ್ಟು ಸಲವೋ.

ವಲಸೆಯೆಂದರೆ ಊರು ಬಿಟ್ಟು ಹೊರಡುವುದು ಎಂದೇ ನಾವು ಸಾಮಾನ್ಯವಾಗಿ ಯೋಚಿಸುತ್ತೇವೆ. ಹೊರಡುವ ಹೊತ್ತಿನ ಸಂಕಟದ ಬಗ್ಗೆ ಕಥೆಗಳಿವೆ, ಸಿನಿಮಾಗಳಿವೆ. ಆದರೆ ಈ ಕೋಣೆಯಲ್ಲಿ ನಿಂತಾಗ ಇವರಿಗೆ ಹಿಂದಿರುಗಿ ಹೋಗುವ ದಾರಿಯೇ ಹೆಚ್ಚು ಕಠಿಣ ಎಂದು ನನಗೆ ತಿಳಿಯುತ್ತ ಬಂತು. ಹೊರಡಲು ಒಂದು ಟಿಕೆಟ್ ಸಾಕು. ಹಿಂದಿರುಗಲು ಹುಬ್ಬು ಬೆಳೆಯಬೇಕು, ಕಿವಿಯ ಓಲೆ ತೆಗೆಯಬೇಕು, ದನಿ ಬದಲಾಗಬೇಕು. ಮನೆಗೆ ದುಡ್ಡು ಮಾತ್ರ ಯಾವ ವೇಷವೂ ಇಲ್ಲದೆ ತಿಂಗಳು ತಿಂಗಳು ಸರಾಗವಾಗಿ ಹೋಗುತ್ತದೆ.

102ರಲ್ಲಿ ಒಂದೇ ಚಿತ್ರ. ತೈಲವರ್ಣದ್ದು, ಗೋಡೆಯ ಉದ್ದಕ್ಕೂ ಇದೆ. ಬೆಂಗಳೂರಿನ ಒಂದು ಹಮಾಮ್. ನಡುವಯಸ್ಸು ದಾಟಿದ ಹೆಂಗಸು ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದಾರೆ. ಕೈಯಲ್ಲಿ ಸೌದೆ, ಹಿಂದೆ ಮಸಿ ಹಿಡಿದ ದೊಡ್ಡ ಹಂಡೆ. ಚಿತ್ರದಲ್ಲಿರುವ ಬೆಳಕೆಲ್ಲ ಬೆಂಕಿಯದ್ದು, ಅದು ಕೆಳಗಿನಿಂದ ಮುಖಕ್ಕೆ ಬೀಳುತ್ತದೆ. ಗಲ್ಲ, ಮೂಗಿನ ಹೊಳ್ಳೆ, ಹುಬ್ಬಿನ ಕೆಳಭಾಗ ಕೆಂಪಾಗಿವೆ. ಕಣ್ಣು ಮಾತ್ರ ನೆರಳಲ್ಲಿ. ಅವರು ಸಿಟ್ಟಾಗಿದ್ದಾರೋ, ದಣಿದಿದ್ದಾರೋ, ಯಾರದೋ ಮಾತಿಗೆ ನಗು ತಡೆಹಿಡಿದಿದ್ದಾರೋ ನನಗೆ ಹೇಳಲಾಗದು. ಒಂದೊಂದು ಕಡೆ ನಿಂತು ನೋಡಿದಾಗ ಒಂದೊಂದು ಥರ ಕಂಡಿತು.

ಹಮಾಮಿನ ಬಗ್ಗೆ ಹೊಸ ಬೆಂಗಳೂರಿಗೆ ಅಷ್ಟಾಗಿ ಗೊತ್ತಿಲ್ಲ. ಬಚ್ಚಲಿಲ್ಲದ ಮನೆಗಳ, ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಬಡಾವಣೆಗಳಲ್ಲಿ ಕಾಸು ಕೊಟ್ಟು ಬಿಸಿನೀರಿನ ಸ್ನಾನ ಮಾಡುವ ಜಾಗ ಅದು. ಕೂಲಿಯವರು, ಲಾರಿಯವರು, ನಿನ್ನೆ ಮೊನ್ನೆ ಊರಿನಿಂದ ಬಂದವರು ಬರುತ್ತಿದ್ದರು. ಈ ಹಮಾಮುಗಳನ್ನು ಹಿಜ್ರಾ ಸಮುದಾಯದವರು ನಡೆಸಿಕೊಂಡು ಬಂದರು. ಅಲ್ಲಿ ಸ್ನಾನದ ಜೊತೆಗೆ ಲೈಂಗಿಕ ವೃತ್ತಿಯೂ ಇತ್ತು. ಅದನ್ನು ಮುಚ್ಚಿಡುವ ಪ್ರಯತ್ನವನ್ನು ಈ ಕೋಣೆಯಲ್ಲಿ ಯಾರೂ ಮಾಡಿಲ್ಲ. ಅದರ ಜೊತೆಗೆ ಹಮಾಮ್ ಒಂದು ಮನೆಯೂ ಆಗಿತ್ತು. ಹದಿನಾರು ಹದಿನೇಳರಲ್ಲಿ ಅಪ್ಪನ ಏಟು ತಿಂದು ಓಡಿಬಂದ ಮಗು ಯಾರನ್ನೋ ವಿಚಾರಿಸಿಕೊಂಡು ಹಮಾಮಿನ ಬಾಗಿಲಿಗೆ ಬರುತ್ತಿತ್ತು. ಅಲ್ಲಿ ಗುರು ಇರುತ್ತಿದ್ದರು, ಗುರುವಿಗೆ ಚೇಲಾ ಆಗಬೇಕು. ಗುರುವಿನ ಗುರು ನಾನಿ. ಹೀಗೆ ರಕ್ತ ಹಂಚಿಕೊಳ್ಳದವರ ನಡುವೆ ಅಜ್ಜಿ, ತಾಯಿ, ಅಕ್ಕತಂಗಿಯರ ಸಂಬಂಧ ಕಟ್ಟಿಕೊಳ್ಳುತ್ತಿತ್ತು. ಆ ಮನೆಗೂ ಕಟ್ಟುನಿಟ್ಟಿದೆ, ದಂಡವಿದೆ, ಗುರುವಿಗೆ ದುಡಿದು ಕೊಡುವ ಲೆಕ್ಕವಿದೆ. ಅದರಲ್ಲಿ ನೊಂದವರೂ ಉಂಟು. ಹಾಗಿದ್ದೂ ಊರಿನಲ್ಲಿ ಬಾಗಿಲು ಮುಚ್ಚಿದ ಮೇಲೆ ತೆರೆದಿದ್ದ ಬಾಗಿಲು ಅದೊಂದೇ.

ಮನೆಮನೆಗೆ ಬಚ್ಚಲು ಬಂತು, ಗೀಸರು ಬಂತು, ಜಾಗದ ಬೆಲೆ ಏರಿತು. ಹಮಾಮುಗಳು ಒಂದೊಂದಾಗಿ ಮುಚ್ಚುತ್ತ ಬಂದವು. ನಗರದ ಚರಿತ್ರೆ ಬರೆಯುವವರು ಕೆರೆ, ಗಿರಣಿ, ಥಿಯೇಟರುಗಳ ಜೊತೆ ಇವುಗಳಿಗೂ ಒಂದು ಅಧ್ಯಾಯ ಕೊಡಬೇಕು. ಈ ಚಿತ್ರ ಸದ್ಯಕ್ಕೆ ಆ ಕೆಲಸ ಮಾಡುತ್ತಿದೆ. ಬಂದ ಊರು ಸೇಲಂ, ಇರುವ ಊರು ಬೆಂಗಳೂರು.

103ರಲ್ಲಿ ಮೇಜು ಹಾಕಿ ಪುಸ್ತಕಗಳನ್ನಿಟ್ಟಿದ್ದಾರೆ. ಈ ಹಾದಿಯಲ್ಲಿ ಮೊದಲು ನಡೆದವರ ಚಿತ್ರಗಳು. ಒಂದರಲ್ಲಿ ಎಂಬತ್ತರ ದಶಕದ ದೆಹಲಿಯ ಬಣ್ಣದ ಛಾಯಾಚಿತ್ರಗಳು. ತೆಗೆದವರು ಅಲ್ಲೇ ಹುಟ್ಟಿ, ಹದಿಹರೆಯದಲ್ಲಿ ಕೆನಡಾಕ್ಕೆ ಹೋಗಿ, ಆಮೇಲೆ ಲಂಡನ್ನಿನಲ್ಲಿ ನೆಲೆನಿಂತವರು. ಹುಟ್ಟಿದೂರಿಗೆ ಬಂದು ತಮ್ಮಂಥ ಗಂಡಸರನ್ನು ಇಂಡಿಯಾ ಗೇಟ್, ಹುಮಾಯೂನನ ಗೋರಿಯಂಥ ಜಾಗಗಳಲ್ಲಿ ನಿಲ್ಲಿಸಿ ಚಿತ್ರ ತೆಗೆದಿದ್ದಾರೆ. ಎಷ್ಟೋ ಚಿತ್ರಗಳಲ್ಲಿ ಮುಖ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಇಂಥವರ ಪ್ರೀತಿಯನ್ನು ಅಪರಾಧ ಎನ್ನುತ್ತಿದ್ದ 1860ರ ದಂಡಸಂಹಿತೆಯ 377ನೇ ಕಲಂ ಆಗ ಜೀವಂತವಾಗಿತ್ತು. ಅದರ ಕಥೆ ಮುಂದೆ ಉದ್ದವಾಯಿತು. 2009ರಲ್ಲಿ ದೆಹಲಿ ಹೈಕೋರ್ಟು ಅದರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಜೋಡಿಸಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಪ್ರಾಯಕ್ಕೆ ಬಂದವರ ಒಪ್ಪಿಗೆಯ ಪ್ರೀತಿ ಅಪರಾಧವಲ್ಲ ಎಂದಿತು.

ಇನ್ನೊಂದು ಪುಸ್ತಕದಲ್ಲಿ 1981ರ ಒಂದು ಚಿತ್ರದ ಪ್ರತಿ. ಮುಂಬಯಿ ಬಿಟ್ಟು ಬರೋಡಾಕ್ಕೆ ಬಂದು, ಲೆಕ್ಕಪತ್ರದ ಕೆಲಸ ಮಾಡುತ್ತಲೇ ಬಣ್ಣ ಹಿಡಿದ ಕಲಾವಿದರದ್ದು. ಬಟ್ಟೆಯಿಲ್ಲದ ಗಂಡಸು ಬಾಲ್ಕನಿಯಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಕೆಳಗೆ ಊರಿನಲ್ಲಿ ಅಪ್ಪ, ಮಗ, ಕತ್ತೆಯ ಕಥೆ ನಡೆಯುತ್ತಿದೆ. ಹತ್ತಿದರೂ ಬೈಗುಳ, ಇಳಿದರೂ ಬೈಗುಳ ಎಂಬ ಆ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಅವನು ಅದನ್ನು ನೋಡುತ್ತಿದ್ದಾನೆ, ಕೆಳಗಿಳಿಯುತ್ತಿಲ್ಲ. ಅಷ್ಟು ಹೊತ್ತಿಗೆ ಬೆನ್ನು ತಿರುಗಿಸಿದ ಚಿತ್ರಗಳು ಬೇಕಾದಷ್ಟು ಕಣ್ಣಿಗೆ ಬಿದ್ದಿದ್ದವು. ಆದರೆ ಈ ಬೆನ್ನಿನಲ್ಲಿ ಅಂಜಿಕೆ ನನಗೆ ಕಾಣಲಿಲ್ಲ.

ಮಹಡಿ ಹತ್ತಿದರೆ ಮೊದಲು ಸಿಗುವ ಕೋಣೆಯಲ್ಲಿ ಟ್ರಾನ್ಸ್ ಪುರುಷರೊಬ್ಬರು. ಜಲವರ್ಣ, ಸಣ್ಣದು. ಪಿ.ಜಿ.ಯ ಮಂಚದ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದಾರೆ, ತಲೆ ಬಗ್ಗಿಸಿದ್ದಾರೆ. ಹೆಣ್ಣಾಗಿ ಬೆಳೆಸಿದ ಮಗುವನ್ನು ಮನೆಯವರು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಬಿಟ್ಟುಬಂದರೂ ಹಮಾಮಿನಂಥ ಮನೆ ಇವರಿಗಾಗಿ ಕಾದಿರುವುದಿಲ್ಲ. ನಗರಕ್ಕೆ ಬಂದ ಮೊದಲ ರಾತ್ರಿಯೇ ಲೇಡೀಸ್ ಪಿ.ಜಿ.ಯೋ ಜೆಂಟ್ಸ್ ಪಿ.ಜಿ.ಯೋ ಎಂಬ ಪ್ರಶ್ನೆ ಎದುರಾಗುತ್ತದೆ, ಎರಡೂ ಕಡೆ ಆಧಾರ್ ಕಾರ್ಡು ಕೇಳುತ್ತಾರೆ. ತನ್ನ ಲಿಂಗ ಯಾವುದೆಂದು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟು 2014ರಲ್ಲಿ ಎತ್ತಿಹಿಡಿದಿದೆ. ಆ ತೀರ್ಪು ಪಿ.ಜಿ. ಮಾಲೀಕರ ಮೇಜಿಗೆ ತಲುಪುವುದು ಯಾವಾಗಲೋ.

ಎದುರಿನ ಕೋಣೆಯಲ್ಲಿ ಬಂದ ಊರು ಮೈಸೂರು, ಇರುವ ಊರು ಬರ್ಲಿನ್. ಇಬ್ಬರು ಹೆಂಗಸರು, ವೀಡಿಯೊ ಕರೆಯಲ್ಲಿ ಕಂಡಂತೆ ಬರೆದಿದ್ದಾರೆ. ಒಬ್ಬರ ಅರ್ಧ ಹಣೆ ಚೌಕಟ್ಟಿನ ಹೊರಗಿದೆ. ಜರ್ಮನಿಯಲ್ಲಿ 2017ರಿಂದ ಇವರ ಮದುವೆಗೆ ಕಾನೂನಿನ ಮಾನ್ಯತೆ ಇದೆ. ನಮ್ಮಲ್ಲಿ ಅಂಥ ಮದುವೆಯನ್ನು ಮಾನ್ಯ ಮಾಡಲು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಅಲ್ಲಿ ವಿಮಾನ ಹತ್ತುವಾಗ ದಂಪತಿ, ಇಲ್ಲಿ ಇಳಿಯುವಾಗ ಗೆಳತಿಯರು. ಚಿತ್ರ ಚೆನ್ನಾಗಿದೆ, ಆದರೆ ಕೆಳಗಿನ ಕೋಣೆಗಳಷ್ಟು ನನ್ನನ್ನು ಹಿಡಿಯಲಿಲ್ಲ. ಪರದೆಯ ತಂತ್ರ ಅವರಿಬ್ಬರನ್ನೂ ಸ್ವಲ್ಪ ದೂರವೇ ಉಳಿಸಿದೆ.

ಅದರ ಪಕ್ಕದ ಕೋಣೆಗೆ ಹೋದರೆ ಗೋಡೆ ಖಾಲಿ. ಮೊಳೆ ಇದೆ, ಚೌಕಟ್ಟು ಇದ್ದ ಜಾಗದಲ್ಲಿ ಸುಣ್ಣ ಸ್ವಲ್ಪ ತಿಳಿಯಾಗಿದೆ. ಚೀಟಿಯಲ್ಲಿ ಬಂದ ಊರಿನ ಮೇಲೂ ಗೆರೆ. ಅದರಲ್ಲಿದ್ದವರೇ ಬಂದು ತೆಗೆಯಿರಿ ಎಂದರಂತೆ. ಕಾರಣ ಕೇಳಿಲ್ಲ ಎಂದರು ಇಲ್ಲಿನವರು. ನಾನೂ ಮುಂದೆ ಕೇಳಲಿಲ್ಲ. ತೆಗೆಯಿರಿ ಎಂದ ಮಾತಿಗೆ ಇಲ್ಲಿ ಬೆಲೆ ಸಿಕ್ಕಿದೆ. ಕೆಳಗಿನ ನಡುಹಾದಿಯ ರಿಜಿಸ್ಟರುಗಳಲ್ಲಿ ಅಂಥದೊಂದು ಸಾಧ್ಯತೆ ಇರಲಿಲ್ಲ.

ಮಹಡಿಯ ಕೊನೆಯ ದೊಡ್ಡ ಕೋಣೆಯಲ್ಲಿ ಜೋಗತಿಯೊಬ್ಬರ ಚಿತ್ರ. ಹಸಿರು ಸೀರೆ, ಹಣೆ ತುಂಬ ಭಂಡಾರ, ಕೊರಳಲ್ಲಿ ಕೆಂಪು ಬಿಳಿ ಮುತ್ತು, ತಲೆಯ ಮೇಲೆ ಎಲ್ಲಮ್ಮನ ಮೂರ್ತಿಯಿರುವ ಪಡಲಗಿ. ಹಿಂದೆ ಒಬ್ಬರು ಚೌಡಿಕೆ ಹಿಡಿದಿದ್ದಾರೆ. ಇಡೀ ಕಟ್ಟಡದಲ್ಲಿ ನೋಡುವವರ ಕಣ್ಣನ್ನು ನೇರ ದಿಟ್ಟಿಸುವ ಚಿತ್ರ ಇದೊಂದೇ ಎಂದು ಕಾಣುತ್ತದೆ. ಚೀಟಿ ನೋಡಿ ನಿಂತೆ. ಬಂದ ಊರು, ಇರುವ ಊರು, ಎರಡರಲ್ಲೂ ಬಳ್ಳಾರಿ ಸೀಮೆಯ ಅದೇ ಹಳ್ಳಿ. ವಲಸೆಯ ಚಿತ್ರಗಳ ನಡುವೆ ಇದೇಕೆ?

ಉತ್ತರ ಅಲ್ಲೇ ಇತ್ತು. ಚಿತ್ರದಲ್ಲಿದ್ದವರೇ ಕಿಟಕಿಯ ಬಳಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಕೇಳಿದೆ, “ಅಮ್ಮ, ನೀವು ಊರು ಬಿಡಲಿಲ್ಲವಾ?”

“ಊರು ಎಲ್ಲಿ ಬಿಟ್ಟೀನೋ ಯಪ್ಪಾ. ಮನಿ ಬಿಟ್ಟೀನಿ,” ಎಂದರು. “ಮುತ್ತು ಕಟ್ಟಿಸಿಕೊಂಡ ಮ್ಯಾಲ ಊರಾಗಿನ ಮಂದಿ ಕಾಲಿಗೆ ಬೀಳತಾರ. ಮಂಗಳವಾರ, ಶುಕ್ರವಾರ ಜೋಗ ನೀಡತಾರ. ನಮ್ಮಣ್ಣನ ಮನಿ ಅದೇ ಓಣ್ಯಾಗ ಐತಿ. ಆ ಹೊಸ್ತಿಲಾ ದಾಟಿಲ್ಲ ನೋಡು.”

ಮುಂದೆ ಸವದತ್ತಿಯ ಮಾತು ಬಂತು. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ನಡೆದು. ಆ ದಿನ ಪಡಲಗಿ ಹೊತ್ತ ಗಂಡುಹುಟ್ಟಿನ ಜೋಗತಿಯನ್ನು ಯಾರೂ ದಿಟ್ಟಿಸಿ ನಗುವುದಿಲ್ಲ. ಮಾತು ಕೇಳುತ್ತ ನನಗೆ ಹೊಳೆದದ್ದು ಇಷ್ಟು. ನಮ್ಮ ಉತ್ತರ ಕರ್ನಾಟಕ ಇವರಿಗೆ ದೇವರ ಹೆಸರಿನಲ್ಲಿ ಒಂದು ಜಾಗ ಮಾಡಿಕೊಟ್ಟಿದೆ. ಅದು ದೊಡ್ಡದೇ. ಆದರೆ ಆ ಜಾಗ ಗುಡಿಯಲ್ಲಿದೆ, ಬೀದಿಯಲ್ಲಿದೆ, ಮನೆಯೊಳಗಿಲ್ಲ. ಸಿರುಗುಪ್ಪದಿಂದ ಬಂದವರು ನೂರಾರು ಮೈಲಿ ದಾಟಿ ಕಳೆದುಕೊಂಡದ್ದನ್ನು ಇವರು ಅದೇ ಓಣಿಯಲ್ಲಿದ್ದುಕೊಂಡು ಕಳೆದುಕೊಂಡಿದ್ದಾರೆ. ಈ ಚಿತ್ರವನ್ನು ಇಲ್ಲಿಟ್ಟವರಿಗೆ ಅದು ಗೊತ್ತಿದೆ.

ಕೊನೆಗೆ ತಾರಸಿಯ ಶೆಡ್ಡು. ಇಲ್ಲಿ ಚಿತ್ರ ಬರೆಯುತ್ತಾರೆ. ಒಂದು ಸ್ಟೂಲು, ಒಂದು ಈಸೆಲ್, ಬಣ್ಣದ ಟ್ಯೂಬುಗಳು. ಮೇಜಿನ ಮೇಲೆ ಒಂದು ಫೈಲು. ಕುಳಿತವರು ತುಂಬಿಕೊಡುವ ಒಪ್ಪಿಗೆ ಪತ್ರಗಳು ಎಂದಳು ಕೌಂಟರಿನ ಹುಡುಗಿ. ಹೆಸರಿನ ಭಾಗಕ್ಕೆ ಕಾಗದ ಅಂಟಿಸಿ ಮುಚ್ಚಿ ನನಗೆ ತೋರಿಸಿದಳು. ನಾನು ಆಗಷ್ಟೇ ಅವಳೊಡನೆ ವಾದ ಮಾಡಿದ್ದೆ. ಇವನ್ನು ಬೆಂಗಳೂರಿನಲ್ಲಿಟ್ಟರೆ ಒಪ್ಪುವವರೇ ಬಂದು ನೋಡಿ ಹೋಗುತ್ತಾರೆ, ಸಿರುಗುಪ್ಪಕ್ಕೆ, ಮಂಡ್ಯಕ್ಕೆ, ತಾಲ್ಲೂಕು ಕಚೇರಿಯ ಎದುರಿಗೆ ಹೋಗಬೇಕು ಇವು ಎಂದಿದ್ದೆ. ಅದಕ್ಕೇ ಫೈಲು ತೆಗೆದದ್ದು.

ಪತ್ರದ ಕೊನೆಯ ಪ್ರಶ್ನೆ ಹೀಗಿತ್ತು. ನಿಮ್ಮ ಚಿತ್ರ ಎಲ್ಲಿಯವರೆಗೆ ಹೋಗಬಹುದು? ಒಬ್ಬೊಬ್ಬರೂ ತಮ್ಮ ಕೈಯಾರೆ ಬರೆದಿದ್ದಾರೆ. ‘ಈ ಬಿಲ್ಡಿಂಗ್ ದಾಟಬಾರದು.’ ‘ತುಮಕೂರು ತನಕ.’ ‘ಫಾರಿನ್ ಆದ್ರೂ ಪರವಾಗಿಲ್ಲ, ನಮ್ಮ ಜಿಲ್ಲೆ ಬೇಡ.’ ‘ತಂಗಿ ಮದುವೆ ಆದ ಮೇಲೆ ಎಲ್ಲಿ ಬೇಕಾದ್ರೂ.’ ‘ಅಮ್ಮ ಇರೋವರೆಗೂ ಬೇಡ.’ ನನ್ನ ವಾದಕ್ಕೆ ಇದಕ್ಕಿಂತ ಸರಿಯಾದ ಉತ್ತರ ಬೇಕಿರಲಿಲ್ಲ. ಹಾಗೆಂದು ಆಸೆಯನ್ನು ಪೂರ್ತಿ ಬಿಡಲೂ ಆಗಲಿಲ್ಲ. ಸವದತ್ತಿಯ ಜಾತ್ರೆಗಾದರೂ ಯಾರ ಚಿತ್ರ ಹೋಗಬಹುದು ಎಂದು ಕೇಳಿದೆ. ಹುಡುಗಿ ಹಾಳೆಗಳನ್ನು ತಿರುವುತ್ತ ಒಂದೊಂದನ್ನೇ ಬೇರೆ ಮಾಡಿ ಮೇಜಿನ ಮೇಲಿಡತೊಡಗಿದಳು. ಜೋಗತಿ ಅಮ್ಮನದು ಮೊದಲು ಬಂತು, ಆಮೇಲೆ ಹಮಾಮಿನವರದು. ಮೂರನೆಯದರಲ್ಲಿ ‘ಕೇಳಿ ಹೇಳ್ತೀನಿ’ ಎಂದಿತ್ತು. ಅದನ್ನು ಬರೆದವರಿಗೆ ಆಗಲೇ ಫೋನ್ ಮಾಡಲು ಅವಳು ಮೊಬೈಲ್ ತೆಗೆದಳು.